ಯಾರೂ ನೀರು ಹಾಕದ ಬೀನ್ಸ್ ಪಾತಿ

“ಮತ್ತೆ ಯಾರು ನೀರು ಹಾಕಿದ್ದು?”

ಬಾಯಲ್ಲಿ ಟೂತ್‌ಬ್ರಶ್ ಇಟ್ಟುಕೊಂಡೇ ಹರಿಣಿ ಕೂಗಿದಳು. ಆ ಕೂಗಿಗೆ ತಂತಿಯ ಮೇಲೆ ಕೂತಿದ್ದ ಕಾಗೆ ಹೆದರಿ ಹಾರಿದ್ದು, ಚಿಂತಾಮಣಿ ತಲುಪುವ ತನಕ ಎಲ್ಲೂ ಇಳಿಯಲಿಲ್ಲ.

ಅವಳ ಬಲಗಾಲು ಬೀನ್ಸ್ ಪಾತಿಯ ಕೆಸರಿನಲ್ಲಿ ಹೂತುಹೋಗಿತ್ತು. ಎಳೆದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ.

ಮನೆಯೊಳಗಿಂದ ಮೂರು ಉತ್ತರ ಒಟ್ಟಿಗೆ ಬಂದವು.

“ನಾನಲ್ಲಪ್ಪ,” ಅಂದರು ಶೇವ್ ಮಾಡಿಕೊಳ್ಳುತ್ತಿದ್ದ ಅಪ್ಪ ಮೋಹನ್‌ಬಾಬು.

“ನಂಗ್ಯಾಕಮ್ಮ ಬೇಕು ಆ ಕೆಲಸ,” ಅಂದರು ಒಲೆಯ ಮುಂದಿದ್ದ ಅಮ್ಮ ಕವಿತ.

“ನಾನು ಈಗಿನ್ನೂ ಎದ್ದೆ ಕಣಮ್ಮ,” ಅಂದರು ಅಜ್ಜಿ ಅಕ್ಕಯ್ಯಮ್ಮ. ಅವರ ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹರಿಣಿ ಮೂವರನ್ನೂ ಹಿತ್ತಿಲಿಗೆ ಕರೆದು ಸಾಲಾಗಿ ನಿಲ್ಲಿಸಿದಳು. ಯಾವ ಪೊಲೀಸರೂ ಯಾವ ಕಳ್ಳರನ್ನೂ ಅಷ್ಟು ನೆಟ್ಟಗೆ ನಿಲ್ಲಿಸಿರಲಿಕ್ಕಿಲ್ಲ.

“ಅಜ್ಜಿ, ನಿಜ ಹೇಳು.”

“ನೀರೆಲ್ಲಿ ಹಾಕಿದ್ನೇ? ಅಕ್ಕಿ ತೊಳೆದಿದ್ದು ಇತ್ತು. ಮೋರಿಗೆ ಚೆಲ್ಲೋ ಬದ್ಲು ಗಿಡಕ್ಕೆ ಚೆಲ್ಲಿದೆ. ಅದನ್ನ ನೀರು ಅಂತಾರಾ? ಅಕ್ಕಚ್ಚು ಅಂತಾರೆ.”

“ಅಪ್ಪ?”

“ಫಿಲ್ಟರ್ ಪೈಪಿಂದ ವೇಸ್ಟ್ ಬರುತ್ತಲ್ಲ, ಅದೊಂದು ಬಕೆಟ್. ಅದೆಲ್ಲ ಲೆಕ್ಕಕ್ಕಿಲ್ಲ ಬಿಡು.”

“ಅಮ್ಮ?”

“ಸೊಪ್ಪು ತೊಳೆದ ಪಾತ್ರೆ ಬಗ್ಗಿಸಿದೆ. ಒಂಚೂರು.”

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ವೆಂಕಟರವಣಪ್ಪ ತಾತನ ತಲೆ ಕಾಣಿಸಿತು. ಪೋಸ್ಟಾಫೀಸಿನಿಂದ ರಿಟೈರ್ ಆದ ಮೇಲೆ ಆ ತಲೆ ದಿನವಿಡೀ ಗೋಡೆಯ ಮೇಲೆಯೇ ಇರುತ್ತಿತ್ತು.

“ಏನಮ್ಮಾ ಹರಿಣಿ, ನೀರು ಹಾಕಕ್ಕೆ ಬಂದ್ಯಾ? ಬೇಡ ಬಿಡು. ಬೆಳಿಗ್ಗೇನೇ ನಾನು ಇಲ್ಲಿಂದ ಪೈಪ್ ಬಿಟ್ಟಿದ್ದೀನಿ.”

ಹರಿಣಿ ಹಣೆ ಚಚ್ಚಿಕೊಂಡಳು. ಹಲ್ಲುಜ್ಜುವುದಕ್ಕೆ ಮೊದಲು ತಾನೂ ಒಂದು ಚೊಂಬು ಹಾಕಿ ಹೋಗಿದ್ದಳು. ಅದನ್ನು ಈಗ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಆ ಪಾತಿ ಇದ್ದದ್ದು ಒಂದು ಮಂಚದಷ್ಟು. ಆ ಕಡೆ ಒಗೆಯುವ ಕಲ್ಲು, ಈ ಕಡೆ ಸಂಪು. ನಲ್ಲಿ ನೀರಿಗೆ ವಾರವಿಡೀ ಕಾಯುವ ಬೀದಿ ಅದು. ಆದರೂ ಆ ಮಂಚದಷ್ಟು ಜಾಗಕ್ಕೆ ಬಿದ್ದ ನೀರನ್ನು ಕೂಡಿಟ್ಟಿದ್ದರೆ ತಾಲ್ಲೂಕಿನ ಕೆರೆಗಳೆಲ್ಲ ಕೋಡಿ ಬೀಳುತ್ತಿದ್ದವು. ಇದರಲ್ಲಿ ಒಂದಕ್ಷರ ಹೆಚ್ಚು ಮಾಡಿ ಹೇಳಿದ್ದಲ್ಲ.

ಇಷ್ಟಕ್ಕೆಲ್ಲ ಕಾರಣ ಐದನೇ ಕ್ಲಾಸಿನ ಶ್ರೀವಿದ್ಯಾ ಮಿಸ್. ಸಂಕ್ರಾಂತಿ ರಜ ಮುಗಿಸಿ ಬಂದವರೇ ಒಂದು ಬಾಂಬ್ ಹಾಕಿದರು. “ಯುಗಾದಿಗೆ ಮುಂಚಿನ ಶುಕ್ರವಾರ ಬಿಸಿಯೂಟದ ಸಾರಿಗೆ ಅಂಗಡಿ ತರಕಾರಿ ಇಲ್ಲ. ನೀವು ನಿಮ್ಮ ಮನೇಲಿ, ನಿಮ್ಮ ಕೈಯಾರೆ ಬೆಳೆದಿದ್ದೇ ಹಾಕೋದು. ಯಾರ್ಯಾರು ಏನೇನು ಬೆಳೀತೀರಾ?”

“ಮೂಲಂಗಿ, ಮಿಸ್,” ಅಂದ ಸಿದ್ಧಾರ್ಥ್.

ಹರಿಣಿ ಎದ್ದು ನಿಂತಳು. ಸುಮ್ಮನೆ ‘ಬೀನ್ಸ್’ ಅಂದು ಕೂತುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. “ಬೀನ್ಸ್, ಮಿಸ್. ಬಳ್ಳಿ ಬೀನ್ಸ್. ನಾನು ಇಡೀ ಸ್ಕೂಲಿಗೇ ಸಾಕಾಗೋಷ್ಟು ತರ್ತೀನಿ. ಬೇರೆ ಯಾರೂ ಏನೂ ತರದೆ ಇದ್ರೂ ನಡೆಯುತ್ತೆ.”

“ನೋಡಣ, ನೋಡಣ,” ಅಂದ ಸಿದ್ಧಾರ್ಥ್. ಆ ‘ನೋಡಣ’ ಹರಿಣಿಯ ಕಿವಿಯಲ್ಲಿ ಅವತ್ತಿನಿಂದ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಲೇ ಇತ್ತು.

ಮೊದಲನೇ ಸಲ ಹಾಕಿದ ಬೀಜ ಮೊಳೆಯಲೇ ಇಲ್ಲ. ಯಾಕೆ ಅಂತ ಹರಿಣಿಗೆ ಅರ್ಥವಾಗಲಿಲ್ಲ. ಅವಳೇನು ಕಡಿಮೆ ನೋಡಿಕೊಂಡಿದ್ದಳೇ? ದಿನಾ ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಕಿ, ಬೆರಳಲ್ಲಿ ಮಣ್ಣು ಕೆದಕಿ, ಒಂದೊಂದೇ ಬೀಜ ಹೊರಗೆ ತೆಗೆದು, ಮೊಳಕೆ ಬಂತಾ ಅಂತ ತಿರುಗಿಸಿ ನೋಡಿ, ಮತ್ತೆ ಒಳಗಿಟ್ಟು ಮುಚ್ಚುತ್ತಿದ್ದಳು. ಇಷ್ಟು ಮಾಡಿದರೂ ಬರಲಿಲ್ಲ ಅಂದರೆ ಬೀಜವೇ ಸರಿಯಿಲ್ಲ ಎಂದು ತೀರ್ಮಾನಿಸಿ ಇನ್ನೊಂದು ಪ್ಯಾಕೆಟ್ ತರಿಸಿದಳು.

ಎರಡನೇ ಸಲ ಹಾಕಿ ಅಮ್ಮನ ಜೊತೆ ಗೌರಿಬಿದನೂರಿಗೆ, ಮಾವನ ಮನೆಯ ಮದುವೆಗೆ ಹೋದಳು. ಬರುವಷ್ಟರಲ್ಲಿ ಪಾತಿಯ ತುಂಬ ಮೊಳಕೆ ತಲೆಯೆತ್ತಿತ್ತು.

ಅಲ್ಲಿಂದ ಶುರುವಾಯಿತು ಪೇಚಾಟ. ಶಿಡ್ಲಘಟ್ಟದಲ್ಲಿ ಒಂದು ಗಿಡ ನೆಟ್ಟು ನೋಡಿ. ಗಿಡಕ್ಕಿಂತ ಮೊದಲು ಸಲಹೆ ಚಿಗುರುತ್ತದೆ. ಅಪ್ಪ ಮೊಬೈಲಿನಲ್ಲಿ ಕೈತೋಟದ ವಿಡಿಯೋ ಹಾಕಿಕೊಂಡು ಊಟಕ್ಕೆ ಕೂರತೊಡಗಿದರು. ಅಜ್ಜಿಯದು ಆಯಸ್ಸೆಲ್ಲ ಹೊಲ, ತೋಟ, ರೇಷ್ಮೆ ಹುಳ ನೋಡಿದ ಕೈ. ಮಂಡಿನೋವು ಬಂದು ಊರಿನಿಂದ ಈ ಮನೆಗೆ ಬಂದ ಮೇಲೆ ಆ ಕೈಗೆ ಸೀರಿಯಲ್ ರಿಮೋಟು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಗೋಡೆಯ ಮೇಲಿನ ತಾತ ಅಂತೂ ತಾವು ಬೆಳೆದ ಬೀನ್ಸಿನ ಕತೆ ಹೇಳುತ್ತಿದ್ದರು. ಒಂದೊಂದು ಕಾಯಿ ಛತ್ರಿಯಷ್ಟು ಉದ್ದ ಇತ್ತಂತೆ.

ಚಪ್ಪಲಿ ಹೂತುಹೋದ ಅವತ್ತು ಹರಿಣಿ ಸ್ಕೂಲಿಗೆ ಹೋಗುವ ಮುಂಚೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪಾತಿಯಲ್ಲಿ ನೆಟ್ಟಳು: ‘ಯಾರೂ ನೀರು ಹಾಕಬಾರದು. ಅಕ್ಕಚ್ಚು ಕೂಡ ನೀರೇ.’

ಸಂಜೆ ಬಂದು ನೋಡಿದರೆ ಪಾತಿ ಬೆಳ್ಳಗಿತ್ತು.

“ಇದೇನಿದು?”

“ಬೂದಿ ಕಣೇ,” ಅಂದರು ಅಜ್ಜಿ. “ಹುಳ ಹತ್ತಲ್ಲ.”

“ಬೋರ್ಡ್ ಓದ್ಲಿಲ್ವಾ ಅಜ್ಜಿ?”

“ನಿಮ್ಮಪ್ಪನ ಹತ್ರ ಓದಿಸ್ದೆ. ನೀರು ಅಂತ ಇತ್ತಂತೆ. ಬೂದಿ ಅಂತ ಇರ್ಲಿಲ್ವಂತೆ.”

ಮಾರನೆಯ ದಿನ ಬೂದಿಯ ಮೇಲೆ ಟೀ ಸೊಪ್ಪು. ಅದರ ಮಾರನೆಯ ದಿನ ಟೀ ಸೊಪ್ಪಿನ ಮೇಲೆ ಮೊಟ್ಟೆ ಸಿಪ್ಪೆ. ಆಮೇಲೊಂದು ದಿನ ಇಡೀ ಹಿತ್ತಿಲು ಹುಳಿ ಮಜ್ಜಿಗೆ ವಾಸನೆ ಹೊಡೆಯಿತು. ಬೀದಿಯ ಬೆಕ್ಕುಗಳೆಲ್ಲ ಮೀಟಿಂಗ್ ಸೇರಿದವು. ಗಿಡದ ಬುಡದಲ್ಲಿ ಮಣ್ಣು ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

“ವಿಡಿಯೋದಲ್ಲಿ ಹೇಳಿದ್ರಮ್ಮ, ಮಜ್ಜಿಗೆ ಹಾಕಿದ್ರೆ ಹೂ ಜಾಸ್ತಿ ಅಂತ,” ಅಂದರು ಅಪ್ಪ.

“ಎಷ್ಟು ಹಾಕು ಅಂತ ಹೇಳಿದ್ರು?”

“ಅಷ್ಟೊತ್ತಿಗೆ ಆಡ್ ಬಂತು.”

ಭಾನುವಾರ ಅಪ್ಪ ಸ್ಕೂಟರಿನ ಹಿಂದೆ ಒಂದು ಹೊರೆ ಕಡ್ಡಿ ಕಟ್ಟಿಕೊಂಡು ಬಂದರು. ಅವರ ಸ್ನೇಹಿತ ಮುನೇಶ್ ತಮ್ಮ ಹಿಪ್ಪುನೇರಳೆ ತೋಟ ಕಟಾವು ಮಾಡಿದ್ದರಂತೆ. ಎಲೆ ರೇಷ್ಮೆ ಹುಳಕ್ಕೆ, ಕಡ್ಡಿ ಸ್ಕೂಟರಿಗೆ.

“ಬಳ್ಳಿ ಹಬ್ಬೋದಕ್ಕೆ ಊರುಗೋಲು ಬೇಕಲ್ಲ. ಫ್ರೀ,” ಅಂದರು ಅಪ್ಪ. ಇಡೀ ಮನೆ ಸೇರಿ ಕಡ್ಡಿ ಚುಚ್ಚಿತು. ಪಾತಿಯಲ್ಲಿ ಈಗ ಬೀನ್ಸಿಗಿಂತ ಕಡ್ಡಿಯೇ ಹೆಚ್ಚು. ಕಡ್ಡಿ ತಾನೇ ಅಂತ ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಬೀನ್ಸ್ ಕಡೆ ಮಾತ್ರ ಎಲ್ಲರೂ ನೋಡಿದರು. ನೋಡುನೋಡುತ್ತಲೇ ಒಂದೊಂದು ಎಲೆ ಹಳದಿಯಾಯಿತು. ಎಲೆ ಹಳದಿಯಾಯಿತಲ್ಲ ಎಂದು ಎಲ್ಲರೂ ಗಾಬರಿಯಾಗಿ ಇನ್ನಷ್ಟು ಹಾಕಿದರು. ಬುಡ ಕರ್ರಗಾಯಿತು. ಒಂದು ಬೆಳಿಗ್ಗೆ ಪಾತಿಯ ನಡುವೆ ಅಣಬೆ ಎದ್ದಿತ್ತು. ಬೇಸಗೆ ಕಾಲದಲ್ಲಿ, ಶಿಡ್ಲಘಟ್ಟದಲ್ಲಿ, ಅಣಬೆ.

“ನನ್ನ ಗಿಡ ಕಣಜ್ಜಿ ಅದು. ನಂದು. ನನ್ನ ಪಾಡಿಗೆ ನನ್ನ ಬಿಡಿ ಅಂದ್ರೆ ಒಬ್ರಾದ್ರೂ ಬಿಟ್ರಾ?” ಹರಿಣಿಗೆ ಅಳು ಬಂತು. ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಸರಿದರು. ತಾತನ ತಲೆ ಕೂಡ ಮೆಲ್ಲಗೆ ಗೋಡೆಯ ಆಚೆ ಇಳಿಯಿತು.

ಹಾಳು ಶುಕ್ರವಾರ ಬಂದೇ ಬಂತು.

ಬೆಳಿಗ್ಗೆ ಹರಿಣಿ ಪಾತಿಯನ್ನೆಲ್ಲ ಜಾಲಾಡಿದಳು. ಒಗೆಯುವ ಕಲ್ಲಿನ ಹಿಂದೆ, ಯಾರ ಚೊಂಬಿಗೂ ಎಟುಕದ ಮೂಲೆಯಲ್ಲಿ ಒಂದೇ ಒಂದು ಗಿಡ ನೆಟ್ಟಗೆ ನಿಂತಿತ್ತು. ಅದರಲ್ಲಿ ಒಂದೇ ಒಂದು ಕಾಯಿ. ಅವಳ ಕಿರುಬೆರಳಿಗಿಂತ ಒಂಚೂರು ಉದ್ದ. ಅದನ್ನು ಕಿತ್ತು ಟಿಫನ್ ಬಾಕ್ಸಿನಲ್ಲಿಟ್ಟಳು. ದಾರಿಯುದ್ದಕ್ಕೂ ಅದು ಡಬ್ಬಿಯೊಳಗೆ ಟಣ್, ಟಣ್ ಅಂತಿತ್ತು.

ಅಡುಗೆಮನೆಯ ಮುಂದೆ ಐದನೇ ಕ್ಲಾಸಿನ ಸಾಲು ನಿಂತಿತ್ತು. ಬುಟ್ಟಿ ಬುಟ್ಟಿ ಬದನೆಕಾಯಿ, ಕಟ್ಟು ಕಟ್ಟು ದಂಟಿನ ಸೊಪ್ಪು. ಸಿದ್ಧಾರ್ಥ್ ಒಂದು ಮೂಲಂಗಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದ. ಅದು ಅವನಿಗಿಂತ ದಪ್ಪಗಿತ್ತು.

“ಅದ್ಹೆಂಗೋ ಬೆಳೆದೆ?” ಕೇಳಬಾರದು ಅಂದುಕೊಂಡರೂ ಹರಿಣಿಯ ಬಾಯಿಂದ ಬಂದುಬಿಟ್ಟಿತು.

“ನಾನೇನ್ ಮಾಡಿದೆ? ಪೇಂಟ್ ಡಬ್ಬದಲ್ಲಿ ಬೀಜ ಹಾಕಿ ಟೆರೇಸ್ ಮೇಲಿಟ್ಟು ಮರ್ತ್ಹೋದೆ. ಟ್ಯಾಂಕ್ ಓವರ್‌ಫ್ಲೋ ಆದಾಗೆಲ್ಲ ಅದೇ ಕುಡ್ಕೊಂಡಿದೆ. ನಿನ್ನೆ ನೆನಪಾಯ್ತು, ಹೋಗಿ ನೋಡಿದ್ರೆ ಇಷ್ಟು ದಪ್ಪ.” ಅವನು ಅವಳ ಡಬ್ಬಿ ನೋಡಿದ. “ಇಡೀ ಸ್ಕೂಲಿನ ಬೀನ್ಸ್ ಆ ಡಬ್ಬಿಯೊಳಗಿದೆಯಾ?”

ಹರಿಣಿಯ ಸರದಿ ಬಂತು. ಅಡುಗೆಯ ಲಕ್ಷ್ಮಿದೇವಮ್ಮ ಡಬ್ಬಿಯೊಳಗೆ ಇಣುಕಿ, ಡಬ್ಬಿ ಅಲ್ಲಾಡಿಸಿ, ಮತ್ತೆ ಇಣುಕಿದರು.

“ಒಂದೇನಾ ತಾಯಿ?”

“ಒಂದೇ ಅಕ್ಕ.”

ಲಕ್ಷ್ಮಿದೇವಮ್ಮ ನಗಲಿಲ್ಲ. ಈಳಿಗೆಮಣೆ ಎಳೆದುಕೊಂಡು, ಆ ಒಂದು ಕಾಯಿಯ ನಾರು ತೆಗೆದು, ಚಿಕ್ಕ ಚಿಕ್ಕದಾಗಿ ಹೆಚ್ಚಿ ದೊಡ್ಡ ಪಾತ್ರೆಗೆ ಹಾಕಿದರು. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹರಿಣಿಗೆ.

ಊಟದ ಸಾಲಿನಲ್ಲಿ ಅವಳ ಗ್ರಹಚಾರ ಬಿಡಿಸಿದ್ದೇ ಬಿಡಿಸಿದ್ದು.

“ಏಯ್, ನನ್ನ ತಟ್ಟೇಲಿ ಹರಿಣಿ ಬೀನ್ಸ್ ಸಿಕ್ತು ಕಣೋ.”

“ಸುಳ್ಳು. ಹರಿಣಿ ಬೀನ್ಸ್ ನಂಗೆ ಸಿಕ್ಕಿದೆ.”

“ಹಂಗಾದ್ರೆ ನನ್ನ ತಟ್ಟೇಲಿರೋದ್ಯಾರು?”

ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಪ್ರತಿಯೊಬ್ಬರಿಗೂ ಹರಿಣಿಯ ಬೀನ್ಸ್ ಸಿಕ್ಕಿತು. ಸಾರಿನಲ್ಲಿ ದಂಟು ಸಿಕ್ಕರೂ ಅದು ಹರಿಣಿಯ ಬೀನ್ಸೇ. ಹಾಗೆ ನೋಡಿದರೆ ಇಡೀ ಸ್ಕೂಲಿಗೆ ಸಾಕಾಗುವಷ್ಟು ಬೀನ್ಸ್ ತಂದಂತೆಯೇ ಆಯಿತು. ಅವಳ ಕೆನ್ನೆ ಮಾತ್ರ ಒಲೆಗಿಂತ ಬಿಸಿಯಾಗಿತ್ತು. ಆ ಬಿಸಿಗೆ ರೊಟ್ಟಿ ಬೇಯಿಸಬಹುದಿತ್ತು.

ಮನೆಗೆ ಬಂದವಳೇ ಬ್ಯಾಗ್ ಬಿಸಾಕಿ ಹಿತ್ತಿಲಿಗೆ ನುಗ್ಗಿದಳು. ಬೋರ್ಡ್ ಕಿತ್ತೆಸೆದಳು. ಕೊಳೆತ ಬೀನ್ಸ್ ಗಿಡಗಳನ್ನು ಹಿಡಿಹಿಡಿಯಾಗಿ ಎಳೆದಳು. ಕೇಳುವವರೇ ಇಲ್ಲದ ಹಾಗೆ ಸುಲಭವಾಗಿ ಬಂದವು. ಕೊನೆಗೆ ಕಡ್ಡಿಗೆ ಕೈ ಹಾಕಿದಳು.

ಕಡ್ಡಿ ಬರಲಿಲ್ಲ.

ಎರಡು ಕೈಯಲ್ಲಿ ಹಿಡಿದು ಎಳೆದಳು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಸಂಪಿಗೆ ಕಾಲು ಕೊಟ್ಟು ಎಳೆದಳು. ಭೂಮಿಯ ಒಳಗಿನಿಂದ ಯಾರೋ ಆ ಕಡೆಗೆ ಎಳೆಯುತ್ತಿದ್ದ ಹಾಗಿತ್ತು. ಕೊನೆಗೆ ಫಟ್ ಅಂತ ಕಿತ್ತುಬಂತು. ಹರಿಣಿ ಕೆಸರಿನಲ್ಲಿ ಅಂಗಾತ ಬಿದ್ದಳು.

ಬಿದ್ದಲ್ಲಿಂದಲೇ ನೋಡಿದಳು. ಕಡ್ಡಿಯ ಬುಡದಲ್ಲಿ ಶ್ಯಾವಿಗೆಯಂಥ ಬಿಳಿ ಬೇರು. ಗೆಣ್ಣು ಗೆಣ್ಣಿಗೂ ಹಸಿರು ಎಲೆ, ಹೊಸದಾಗಿ ಎಣ್ಣೆ ಸವರಿದ ಹಾಗೆ ಮಿರಿಮಿರಿ. ಸುತ್ತ ನೋಡಿದರೆ ಎಲ್ಲ ಕಡ್ಡಿಯೂ ಚಿಗುರಿತ್ತು. ಇಷ್ಟು ದಿನ ಅಲ್ಲೇ ಇದ್ದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಕಡ್ಡಿ,” ಅಂದಳು ಹರಿಣಿ ಆಕಾಶಕ್ಕೆ. “ನೋಡ್ದ್ಯಾ? ಕಡ್ಡಿ ಬೆಳೆದಿದೆ. ಯಾವನಿಗೆ ಬೇಕಿತ್ತು ಕಡ್ಡಿ?”

“ಕೀಳಬೇಡ ಕಣೇ, ಕೀಳಬೇಡ.” ಅಜ್ಜಿ ಮಂಡಿ ಹಿಡಿದುಕೊಂಡು ಹಿಂಬಾಗಿಲ ಮೆಟ್ಟಿಲು ಇಳಿದು ಬಂದರು. ಕೆಸರಿನಲ್ಲಿ ಬಿದ್ದಿದ್ದ ಮೊಮ್ಮಗಳನ್ನು ದಾಟಿಕೊಂಡು ನೇರವಾಗಿ ಕಡ್ಡಿಯ ಹತ್ತಿರ ಹೋದರು. ಒಂದು ಎಲೆಯನ್ನು ಎರಡು ಬೆರಳ ನಡುವೆ ಇಟ್ಟು ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು.

“ಎಂಥ ಸೊಪ್ಪಮ್ಮ. ಇದನ್ನ ಹಾಕಿದ್ರೆ ರೇಷ್ಮೆ ಹುಳ ತಟ್ಟೇಲಿ ಮಳೆ ಬಂದಂಗೆ ಸದ್ದು ಮಾಡ್ಕೊಂಡು ತಿಂತಿದ್ವು.”

ಅಜ್ಜಿಯ ಮುಖದಲ್ಲಿ ಅಂಥ ಬೆಳಕನ್ನು ಯಾವ ಸೀರಿಯಲ್ಲೂ ತಂದಿರಲಿಲ್ಲ. ಹರಿಣಿ ಎದ್ದು ಕೂತಳು.

“ದಿನಾಲೂ ಹಾಕ್ತಿದ್ಯಾ?”

“ಹಗಲೂ ರಾತ್ರಿ. ಜ್ವರಕ್ಕೆ ಕೂತಾಗ ಮಾತ್ರ ಇಲ್ಲ.”

“ಹುಳಕ್ಕೆ ಜ್ವರ ಬರುತ್ತಾ?”

“ನಮ್ಮಂಗೆ ಮೈ ಸುಡೋ ಜ್ವರ ಅಲ್ಲ. ದೊಡ್ಡದಾಗ್ತಾ ಆಗ್ತಾ ಅದಕ್ಕೆ ಚರ್ಮ ಸಾಲದಂಗಾಗುತ್ತೆ. ಆಗ ತಿನ್ನೋದು ಬಿಟ್ಟು, ತಲೆ ಎತ್ಕೊಂಡು ಅಲ್ಲಾಡದೆ ಕೂತ್ಬಿಡುತ್ತೆ. ಒಳಗೊಳಗೇ ಹೊಸ ಚರ್ಮ ಬಂದ ಮೇಲೆ ಹಳೇದು ಬಿಟ್ಟು ಏಳುತ್ತೆ. ಅದಕ್ಕೇ ಜ್ವರ ಅನ್ನೋದು. ಆಗ ಸೊಪ್ಪು ಹಾಕಂಗಿಲ್ಲ, ತಟ್ಟೆ ಅಲ್ಲಾಡಿಸಂಗಿಲ್ಲ, ಮುಟ್ಟಂಗೇ ಇಲ್ಲ. ಸುಮ್ನೆ ಇರಬೇಕು.”

“ನೀನು ಸುಮ್ನಿರ್ತಿದ್ಯಾ?” ಹರಿಣಿಗೆ ನಂಬಿಕೆಯೇ ಬರಲಿಲ್ಲ.

ಅಜ್ಜಿ ಎಲೆಯಿಂದ ಕಣ್ಣು ಎತ್ತಲಿಲ್ಲ. “ಎಲ್ಲಾಗ್ತಿತ್ತು? ಪಾಪ, ಹೊಟ್ಟೆ ಹಸಿದಿರುತ್ತೇನೋ, ಸತ್ತೇ ಹೋಯ್ತೇನೋ ಅಂತ ಕೈ ನವೆ ಬರ್ತಿತ್ತು. ಒಂದ್ಸಲ ಮುಟ್ಟಿಮುಟ್ಟಿ ಒಂದು ತಟ್ಟೆ ಹಾಳ್ಮಾಡಿದೆ. ಆಮೇಲೆ ನಿಮ್ಮ ತಾತ ಹುಳದ ಮನೆಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಳ್ಳೋರು. ನಾನು ಕಿಟಕಿ ಹತ್ರ ನಿಂತು ಇಣುಕ್ತಿದ್ದೆ.”

ಹರಿಣಿ ತನ್ನ ಬೆರಳು ನೋಡಿಕೊಂಡಳು. ಉಗುರಿನ ತುಂಬ ಮಣ್ಣಿತ್ತು. ಮೊದಲನೇ ಪ್ಯಾಕೆಟ್ಟಿನ ಬೀಜಗಳು ನೆನಪಿಗೆ ಬಂದವು. ಆಗ ಇನ್ನೂ ಅಕ್ಕಚ್ಚೂ ಇರಲಿಲ್ಲ, ಬೂದಿಯೂ ಇರಲಿಲ್ಲ, ತಾತನ ಪೈಪೂ ಇರಲಿಲ್ಲ. ಯಾರೂ ಪಾತಿಯ ಹತ್ತಿರ ಬಂದಿರಲಿಲ್ಲ. ಅವಳೊಬ್ಬಳೇ ಬರುತ್ತಿದ್ದಳು. ಅವಳು ಗೌರಿಬಿದನೂರಿನಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ಎರಡನೇ ಪ್ಯಾಕೆಟ್ಟಿನ ಬೀಜ ಮೊಳೆತಿತ್ತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕಿತ್ತಿದ್ದ ಕಡ್ಡಿಯನ್ನು ತಂದು ಮತ್ತೆ ಅದೇ ಗುಳಿಯಲ್ಲಿ ನೆಟ್ಟು ಕಾಲಿನಿಂದ ಮಣ್ಣು ಒತ್ತಿದಳು.

“ಬೀಜ ಉಳಿದಿದೆಯಾ?” ಕೇಳಿದರು ಅಜ್ಜಿ.

“ಒಂದು ಹಿಡಿ.”

ಇಬ್ಬರೂ ಒಗೆಯುವ ಕಲ್ಲಿನ ಹಿಂದಿನ ಒಣ ಮೂಲೆಗೆ ಹೋದರು. ಅಜ್ಜಿ ಬೆರಳಿನಿಂದ ಗುಳಿ ಮಾಡಿದರು, ಹರಿಣಿ ಬೀಜ ಹಾಕಿ ಮುಚ್ಚಿದಳು. ಒಂದು ಚೊಂಬು ನೀರು. ಅಷ್ಟೆ.

ಮಾರನೆಯ ದಿನ ಸಂಜೆ ಅಪ್ಪ ಬಕೆಟ್ ಹಿಡಿದು ಬಂದರು. ಹಿಂದೆ ಅಮ್ಮ ಪಾತ್ರೆ ಹಿಡಿದು ಬಂದರು. ಗೋಡೆಯ ಮೇಲೆ ಮೊದಲು ಪೈಪು, ಆಮೇಲೆ ತಾತನ ತಲೆ ಕಾಣಿಸಿತು.

ಹರಿಣಿ ಮೆಟ್ಟಿಲಿನ ಮೇಲೆ ಕೂತಿದ್ದಳು. ಇವತ್ತು ಕೂಗಲಿಲ್ಲ.

“ಯಾರೂ ಹತ್ರ ಹೋಗಬೇಡಿ. ಜ್ವರಕ್ಕೆ ಕೂತಿದೆ.”

“ಬೀನ್ಸಾ?” ಅಂದರು ಅಪ್ಪ.

“ಹೂಂ.”

ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ತಾತನ ಮುಖ ನೋಡಿದರು. ಹುಳದ ಊರಿನವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಬಕೆಟ್ ವಾಪಸ್ ಹೋಯಿತು. ಪಾತ್ರೆ ವಾಪಸ್ ಹೋಯಿತು. ಪೈಪು ಹಾವಿನ ಹಾಗೆ ಸರಸರ ಗೋಡೆ ಇಳಿಯಿತು.

ಹರಿಣಿ ತಿರುಗಿ ನೋಡಿದಳು. ಬಾಗಿಲ ಹತ್ತಿರ ಅಜ್ಜಿ ನಿಂತಿದ್ದರು. ಅವರ ಒಂದು ಕೈ ಬೆನ್ನ ಹಿಂದಿತ್ತು.

“ಅಜ್ಜಿ.”

“ಏನಿಲ್ಲ ಕಣೇ.” ಅಜ್ಜಿ ಚೊಂಬನ್ನು ಮುಂದೆ ತಂದು ನೆಲಕ್ಕಿಟ್ಟರು. ಮೆಲ್ಲಗೆ ಬಂದು ಮೊಮ್ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತರು.

ಇಬ್ಬರೂ ಮೂಲೆಯ ಮಣ್ಣನ್ನೇ ನೋಡಿದರು. ಮಣ್ಣು ಏನೂ ಹೇಳಲಿಲ್ಲ.

“ಮೊಳಕೆ ಬಂದಿರುತ್ತಾ ಅಜ್ಜಿ?”

“ಬಂದಿರಬೋದು. ಬರ್ದೇನೂ ಇರಬೋದು.”

“ಒಂದೇ ಒಂದು ಬೀಜ ತೆಗೆದು ನೋಡ್ಲಾ?”

ಅಜ್ಜಿಯ ಕಣ್ಣು ನೆಲದ ಮೇಲಿನ ಚೊಂಬಿನ ಕಡೆ ಹೋಯಿತು. ಹರಿಣಿಯ ಹತ್ತು ಬೆರಳಿಗೂ ನವೆ ಬಂತು. ಅವಳು ಎರಡು ಕೈಯನ್ನೂ ತೊಡೆಯ ಅಡಿಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು.

ಸ್ವಲ್ಪ ಹೊತ್ತು ನೋಡಿ, ಅಜ್ಜಿಯೂ ಹಾಗೆಯೇ ಕೂತರು.